ಕೈಗೂ ಬೇಕು ಒಂದು ಪಾಠಶಾಲೆ

ನಿಮ್ಮ ಮನೆಯ ಮಿಕ್ಸಿ ಕೆಟ್ಟಿತು ಎಂದುಕೊಳ್ಳಿ. ವಿಜ್ಞಾನದಲ್ಲಿ 95 ಅಂಕ ತೆಗೆದ ಮಗನೋ ಮಗಳೋ ಅದನ್ನು ಬಿಚ್ಚಿ ನೋಡುವ ಧೈರ್ಯ ಮಾಡುತ್ತಾರೆಯೇ? ಮಾಡಿದರೂ 'ಮುಟ್ಟಬೇಡ, ಹಾಳಾದೀತು' ಎಂದು ಗದರುವವರು ನಾವೇ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತೇವೆ. ಆ ಮುಕ್ಕಾಲು ಕಲಿಯಲು ಮಕ್ಕಳಿಗೆ ಜಾಗ ಎಲ್ಲಿದೆ?

ನಮ್ಮ ಪುಣೆ ಜಿಲ್ಲೆಯಲ್ಲೇ ಇದೆ. ಪಾಬಳ ಗ್ರಾಮದಲ್ಲಿ 1983ರಲ್ಲಿ ಡಾ. ಶ್ರೀನಾಥ ಕಲಬಾಗ ಅವರು ವಿಜ್ಞಾನ ಆಶ್ರಮ ಆರಂಭಿಸಿದರು. ದೊಡ್ಡ ಕಂಪನಿಯೊಂದರ ಸಂಶೋಧನಾ ಹುದ್ದೆ ಬಿಟ್ಟು ಹಳ್ಳಿಗೆ ಬಂದ ವಿಜ್ಞಾನಿ ಅವರು. ಶಾಲೆ ಬಿಟ್ಟ ಹುಡುಗರು ಅಲ್ಲಿ ಬೆಸುಗೆ, ವಿದ್ಯುತ್ ಕೆಲಸ, ಬೇಸಾಯಗಳನ್ನು ಮಾಡುತ್ತಲೇ ಕಲಿತರು. ಊರಿಗೆ ಬೇಕಾದದ್ದನ್ನು ಮಾಡಿಕೊಡುವುದೇ ಅವರ ಪಾಠ. 2002ರಲ್ಲಿ ಅಮೆರಿಕದ ಎಂಐಟಿಯ ನೆರವಿನಿಂದ ಅಲ್ಲಿ 'ಫ್ಯಾಬ್ ಲ್ಯಾಬ್' ಕೂಡ ಬಂತು. ಎಂಐಟಿಯ ಹೊರಗೆ ಹುಟ್ಟಿದ ಮೊದಲ ಲ್ಯಾಬ್‌ಗಳಲ್ಲಿ ಅದೂ ಒಂದು.

ಇಂದು ಅನೇಕ ಕಾಲೇಜುಗಳಲ್ಲಿ ಇಂಥ 'ಮೇಕರ್‌ಸ್ಪೇಸ್' ಇವೆ. ತ್ರೀಡಿ ಪ್ರಿಂಟರ್, ಲೇಸರ್ ಕಟರ್ ಎಲ್ಲವೂ ಉಂಟು. ಆದರೆ ಸಂಜೆಯಾದರೆ ಬಾಗಿಲಿಗೆ ಬೀಗ! ವಿದ್ಯಾರ್ಥಿಯ ಬಳಿ ಯಂತ್ರವಿದೆ, ಬಿಡಿಸಲು ನಿಜವಾದ ಸಮಸ್ಯೆ ಇಲ್ಲ. ಪಕ್ಕದ ಬೀದಿಯ ಬಡಗಿಯ ಬಳಿ, ಕೈನಡುಗುವ ಅಜ್ಜಿಯ ಬಳಿ ಸಮಸ್ಯೆ ಇದೆ, ಯಂತ್ರವಿಲ್ಲ. ಅಜ್ಜಿಯ ಚಮಚಕ್ಕೆ ದಪ್ಪನೆಯ ಹಿಡಿ ಮಾಡಿಕೊಡಲು ಕುಳಿತ ಹುಡುಗಿ ಅಳತೆ, ವಸ್ತು, ಭಾರ ಎಲ್ಲವನ್ನೂ ಕಲಿಯುತ್ತಾಳೆ. ಮೂರು ಸಲ ತಪ್ಪಿದರೆ ನಾಲ್ಕನೆಯದನ್ನು ಮಾಡುತ್ತಾಳೆ. ಆ ತಪ್ಪಿಗೆ ಅಂಕ ಕಳೆಯುವವರಿಲ್ಲ.

'ಹೊರಗಿನವರು ಬಂದು ಯಂತ್ರ ಕೆಡಿಸಿದರೆ ಯಾರು ಹೊಣೆ?' ಎಂದು ಕಾಲೇಜಿನವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಜಗತ್ತಿನ ಫ್ಯಾಬ್ ಲ್ಯಾಬ್‌ಗಳು ಇದಕ್ಕೆ ಮೂರು ಕಟ್ಟಳೆ ಮಾಡಿಕೊಂಡಿವೆ. ಜನಕ್ಕೂ ಯಂತ್ರಕ್ಕೂ ಪೆಟ್ಟಾಗದಂತೆ ನೋಡಿಕೊಳ್ಳಬೇಕು, ಜಾಗವನ್ನು ಶುಚಿಯಾಗಿಡಲು ಕೈಜೋಡಿಸಬೇಕು, ಕಲಿತದ್ದನ್ನು ಬರೆದಿಟ್ಟು ಇತರರಿಗೂ ಕಲಿಸಬೇಕು. ವಾರಕ್ಕೆ ಒಂದು ಸಂಜೆ, ಒಬ್ಬ ತಿಳಿದವರ ಮೇಲ್ವಿಚಾರಣೆಯಲ್ಲಿ ಬಾಗಿಲು ತೆರೆದರೂ ಸಾಕು.

ಹೀಗೆ ಮಾಡಿ. ನಿಮ್ಮ ಬಡಾವಣೆಯ ಹತ್ತಿರದ ಕಾಲೇಜಿಗೆ ಹೋಗಿ ಕೇಳಿ. ಬರಿಗೈಯಲ್ಲಿ ಹೋಗಬೇಡಿ, ಒಂದು ಸಮಸ್ಯೆಯನ್ನು ಜೊತೆಗೆ ಒಯ್ಯಿರಿ. ನಿಮ್ಮ ಕನ್ನಡ ಸಂಘದಲ್ಲಿ ನಿವೃತ್ತ ಎಂಜಿನಿಯರರಿದ್ದರೆ ಅವರನ್ನೂ ಕರೆದೊಯ್ಯಿರಿ. ಅಲ್ಲಿಯವರೆಗೆ ಆ ಕೆಟ್ಟ ಮಿಕ್ಸಿಯನ್ನು ಮಕ್ಕಳ ಜೊತೆ ಕುಳಿತು ಬಿಚ್ಚಿ ನೋಡಿ. ಪ್ಲಗ್ ತೆಗೆಯಲು ಮಾತ್ರ ಮರೆಯಬೇಡಿ!