ಗಾದಿ ಯಾರಿಗೆ?



ಗೋಕಾಕ, ಮೂಡಲಗಿ, ಹುಕ್ಕೇರಿಯ ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಕಿತ್ತೂರಿನ ಕೋಟೆಯನ್ನು ನೋಡಿರಬಹುದು. ರಾಣಿ ಚನ್ನಮ್ಮನ ಶೌರ್ಯದ ಕಥೆ ನಿಮಗೆಲ್ಲ ಗೊತ್ತು. ಆದರೆ ಆ ಯುದ್ಧ ಹುಟ್ಟಿದ್ದು ಒಂದು ಪ್ರಶ್ನೆಯಿಂದ: ಅರಸ ಮಕ್ಕಳಿಲ್ಲದೆ ತೀರಿಕೊಂಡರೆ ಗಾದಿ ಯಾರಿಗೆ?

ಕಿತ್ತೂರಿನ ದೊರೆ ಮಲ್ಲಸರ್ಜ 1816ರಲ್ಲಿ ಮರಣ ಹೊಂದಿದ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನಿಗೆ ಪಟ್ಟವಾಯಿತು. ಅವನಿಗೆ ಸಂತಾನವಿರಲಿಲ್ಲ, 1824ರ ಸೆಪ್ಟೆಂಬರಿನಲ್ಲಿ ಅವನೂ ತೀರಿಕೊಂಡ. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಳ್ಳಲಾಗಿತ್ತು. ನಮ್ಮ ಸಂಪ್ರದಾಯದಂತೆ ದತ್ತುಪುತ್ರನೂ ಮಗನೇ, ಗಾದಿಗೂ ಹಕ್ಕುದಾರನೇ. ಆದರೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ದತ್ತಕವನ್ನು ಸಂಶಯಿಸಿದ. ಕಂಪನಿ ಸರಕಾರದ ಒಪ್ಪಿಗೆಯಿಲ್ಲವೆಂದು ಹೇಳಿ ಖಜಾನೆಗೆ ಮೊಹರು ಹಾಕಿಸಿದ.

ಮಲ್ಲಸರ್ಜನ ಕಿರಿಯ ರಾಣಿ ಚನ್ನಮ್ಮ ಮಣಿಯಲಿಲ್ಲ. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅದೇ ಶಿವಲಿಂಗಪ್ಪನಿಗೆ ಗಾದಿ ದೊರಕಿಸಲು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಈಗ ದೂರದ ಮೆಕ್ಸಿಕೋ ದೇಶವನ್ನು ನೋಡಿ. ಅಲ್ಲಿನ ಆಜ್ಟೆಕ್ ಜನರಲ್ಲಿ ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟಳೆಯಿರಲಿಲ್ಲ. ರಾಜಮನೆತನದಲ್ಲಿ ಸಮರ್ಥನಾದವನನ್ನು ಪ್ರಮುಖರ ಸಭೆ ಆರಿಸುತ್ತಿತ್ತು. ಅಶಾಯಕಾತ್ಲ್, ತಿಸೋಕ್, ಅಹುಯಿತ್ಸೋತ್ಲ್ ಎಂಬ ಮೂವರು ಸೋದರರು ಒಬ್ಬರಾದ ಮೇಲೊಬ್ಬರು ಆಳಿದರು. ಆಮೇಲೆ, 1502ರಲ್ಲಿ, ಅಶಾಯಕಾತ್ಲನ ಮಗ ಮೊಕ್ತೆಸುಮಾ ಅರಸನಾದ. 1521ರಲ್ಲಿ ಸ್ಪೇನಿನವರು ರಾಜಧಾನಿಯನ್ನು ಗೆದ್ದ ಬಳಿಕ ಆ ಆಯ್ಕೆಯೂ ಹೊರಗಿನವರ ಕೈಸೇರಿತು.

ನಾನು ಓದಿದ್ದು ವಿಜ್ಞಾನ. ಕಣ್ಣಿನ ಬಣ್ಣ ತಂದೆತಾಯಿಯಿಂದ ಮಕ್ಕಳಿಗೆ ತಾನಾಗಿಯೇ ಬರುತ್ತದೆ. ಗಾದಿ ಹಾಗೆ ಬರುವುದಿಲ್ಲ. ಅದನ್ನು ಮನುಷ್ಯರು ಒಪ್ಪಿ ಕೊಡಬೇಕು. ಮಗನೋ, ತಮ್ಮನೋ, ದತ್ತುಪುತ್ರನೋ, ನಿಯಮ ಯಾವುದಾದರೂ ಇರಲಿ, ಒಪ್ಪುವ ಹಕ್ಕು ಯಾರದು ಎಂಬುದೇ ಮುಖ್ಯ. ಆ ಹಕ್ಕು ಕಲೆಕ್ಟರನ ಕಚೇರಿಗೆ ಹೋಗಬಾರದೆಂದೇ ಕಿತ್ತೂರು ಹೋರಾಡಿತು. ಮುಂದೆ ಡಾಲ್‌ಹೌಸಿ ಇದೇ ದತ್ತಕದ ನೆಪದಿಂದ 1848ರಲ್ಲಿ ಸಾತಾರಾ, 1854ರಲ್ಲಿ ಝಾನ್ಸಿ ಸಂಸ್ಥಾನಗಳನ್ನು ನುಂಗಿದ.

ಇಂದು ಆ ಹಕ್ಕು 18 ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಯ ಕೈಯಲ್ಲಿದೆ. ಮತ್ತೊಮ್ಮೆ ಕಿತ್ತೂರಿಗೆ ಹೋದಾಗ, ಆ ಮುರಿದ ಗೋಡೆಗಳ ನಡುವೆ ನಿಂತು ಇದನ್ನು ನೆನೆಯಿರಿ.