ರೆಫರಿ ಮೋಸ ಮಾಡಿದ್ರಾ? ಎರಡು ಸೆಕೆಂಡಿನ ಜಗಳ

ಇವತ್ತಿನ ಎಪಿಸೋಡ್ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ, ನಂದಿಗಿಂತ ಸ್ವಲ್ಪ ಕೆಳಗೆ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಏದುಸಿರು ಕೇಳಿಸಿದ್ರೆ ಅದು ನಂದೇ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ವಾರದಿಂದ ಒಂದೇ ಗಲಾಟೆ: 1990ರ ಚಾವೆಝ್–ಟೇಲರ್ ಬಾಕ್ಸಿಂಗ್ ಪಂದ್ಯದಲ್ಲಿ ರೆಫರಿ ರಿಚರ್ಡ್ ಸ್ಟೀಲ್ ಇಬ್ಬರನ್ನೂ ಒಂದೇ ಕಣ್ಣಲ್ಲಿ ನೋಡಿದ್ರಾ?

ಗೊತ್ತಿಲ್ಲದವರಿಗೆ ಕಥೆ ಹೇಳ್ತೀನಿ. ಮಾರ್ಚ್ 17, ಲಾಸ್ ವೇಗಸ್. ಇಬ್ಬರೂ ಅಲ್ಲಿವರೆಗೆ ಸೋತವರೇ ಅಲ್ಲ. ಅಮೆರಿಕದ ಮೆಲ್ಡ್ರಿಕ್ ಟೇಲರ್ ಕೈ ಮಿಂಚು. ಮೆಕ್ಸಿಕೋದ ಚಾವೆಝ್ ಏಟು ಕಡಿಮೆ, ಆದ್ರೆ ಒಂದೊಂದೂ ಕಲ್ಲು. ಹನ್ನೊಂದು ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಪೈಕಿ ಇಬ್ಬರ ಲೆಕ್ಕದಲ್ಲಿ ಟೇಲರ್ ತುಂಬಾ ಮುಂದಿದ್ದ. ಮುಖ ಮಾತ್ರ ಊದಿತ್ತು, ಬಾಯಲ್ಲಿ ರಕ್ತ. ಕೊನೇ ರೌಂಡಲ್ಲಿ ಚಾವೆಝ್‌ನ ಬಲಗೈ ಏಟಿಗೆ ಬಿದ್ದ. ಎದ್ದ. ಸ್ಟೀಲ್ ಎಣಿಸಿದ್ರು, ಸರಿ ಇದ್ದೀಯಾ ಅಂತ ಎರಡು ಸಲ ಕೇಳಿದ್ರು. ಉತ್ತರ ಇಲ್ಲ, ಟೇಲರ್ ಕಣ್ಣು ತನ್ನ ಕೋಚ್ ಕಡೆ. ಸ್ಟೀಲ್ ಕೈ ಬೀಸಿ ಪಂದ್ಯ ನಿಲ್ಲಿಸಿದ್ರು. ಉಳಿದಿದ್ದದ್ದು ಎರಡೇ ಸೆಕೆಂಡು!

ಬಿಟ್ಟಿದ್ರೆ ಟೇಲರ್ ಗೆಲ್ತಿದ್ದ. ಕೊನೇ ರೌಂಡಿನ ಅಂಕ ಕಳೆದ್ರೂ ಗೆಲ್ತಿದ್ದ. ಹಾಗಾಗಿ ಸಿಟ್ಟು ಬರೋದು ಸಹಜ. ಆದ್ರೂ ನನ್ನ ವೋಟು ಸ್ಟೀಲ್‌ಗೆ.

ನಾನು ಓದಿದ್ದು ಬಿ.ಕಾಂ. ಲೆಕ್ಕ ಬರೆಯೋರೇ ಬೇರೆ, ಬಾಗಿಲು ಕಾಯೋರೇ ಬೇರೆ. ಅಲ್ಲಿ ಅಂಕ ಹಾಕೋರು ರಿಂಗ್ ಪಕ್ಕ ಕೂತ ತೀರ್ಪುಗಾರರು. 2014ರ ಇಂಚಿಯಾನ್ ಏಷ್ಯನ್ ಗೇಮ್ಸಲ್ಲಿ ನಮ್ಮ ಸರಿತಾ ದೇವಿ ಕಂಚಿನ ಪದಕ ಬೇಡ ಅಂತ ಅತ್ತಿದ್ದೂ ಅಂಥವರ ತೀರ್ಪಿನ ಮೇಲಿನ ಸಿಟ್ಟಿಗೆ. ರಿಂಗಿನೊಳಗಿನ ರೆಫರಿ ಕೆಲಸ ಬೇರೆ: ತಪ್ಪು ಏಟು ತಡೀಬೇಕು, ತಬ್ಬಿಕೊಂಡವರನ್ನ ಬಿಡಿಸ್ಬೇಕು, ಇನ್ನು ತಡ್ಕೊಳ್ಳೋಕೆ ಆಗದವನನ್ನ ಉಳಿಸ್ಬೇಕು. ಯಾರು ಮುಂದಿದ್ದಾರೆ, ಎಷ್ಟು ಸೆಕೆಂಡ್ ಉಳಿದಿದೆ ಅಂತ ಲೆಕ್ಕ ಹಾಕಿ ಅವರು ನಿರ್ಧಾರ ತಗೊಂಡಿದ್ರೆ ಅದೇ ಪಕ್ಷಪಾತ ಆಗ್ತಿತ್ತು. ಹೆಸರು ಅದಲುಬದಲು ಮಾಡಿ ನೋಡಿ. ಅದೇ ಸ್ಥಿತಿಯಲ್ಲಿ ಮೂರನೇ ರೌಂಡಲ್ಲಿ ಚಾವೆಝ್ ನಿಂತಿದ್ದಿದ್ರೆ ನಿಲ್ಲಿಸಿದ್ದು ಸರಿ ಅಂತೀವಿ ತಾನೇ? ಟೇಲರ್‌ನ ಆಮೇಲೆ ಆಸ್ಪತ್ರೆಗೆ ಸಾಗಿಸಿದ್ರು. ಮುಖದ ಮೂಳೆ ಮುರಿದಿತ್ತು.

ಒಂದು ಮಾತು ಮಾತ್ರ ಒಪ್ತೀನಿ: ಟೇಲರ್ ಎದ್ದು ನಿಂತಿದ್ದ, ಕೋಚ್ ಅದೇ ಹೊತ್ತಿಗೆ ರಿಂಗ್ ಹತ್ತಿ ಗಮನ ಸೆಳೆದ. ಉತ್ತರ ಬರದೇ ಇರೋದಕ್ಕೆ ಅದೂ ಕಾರಣ ಇರಬಹುದು. ಆದ್ರೆ ಆ ತಪ್ಪು ರೆಫರಿದಲ್ಲ.

ಇಲ್ಲಿಂದ ಕೆಳಗೆ ಅರಮನೆ ಕಾಣ್ತಿದೆ. ವಿಜಯದಶಮಿ ಬೆಳಗ್ಗೆ ಅಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತೆ. ಬೋಳಿಸಿದ ತಲೆ, ಕೈಯಲ್ಲಿ ಮುಳ್ಳಿನ ಮುಷ್ಟಿ. ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದ್ರೆ ಮುಗೀತು, ಬಹಳ ಸಲ ನಿಮಿಷವೂ ಆಗಲ್ಲ. ವಿಡಿಯೋ ನೋಡಿದೋರು 'ಇಷ್ಟೇನಾ?' ಅಂತಾರೆ. ಹೌದು, ಇಷ್ಟೇ. ಎಲ್ಲಿ ನಿಲ್ಲಿಸ್ಬೇಕು ಅನ್ನೋದು ಶುರುವಾಗೋ ಮೊದಲೇ ಇಬ್ಬರಿಗೂ ಗೊತ್ತು.

ಇದು ಹಳೇ ಕ್ಲಿಪ್ಪಿನ ಜಗಳ ಮಾತ್ರ ಅಲ್ಲ ನನಗೆ. 2022ರ ಜುಲೈನಲ್ಲಿ ನಮ್ಮ ಮೈಸೂರಿನ ಒಬ್ಬ ಯುವ ಕಿಕ್‌ಬಾಕ್ಸರ್ ಬೆಂಗಳೂರಿನ ಟೂರ್ನಿಯಲ್ಲಿ ಏಟು ತಿಂದು ಬಿದ್ದ, ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಸರಿ ಇರಲಿಲ್ಲ ಅಂತ ಕುಟುಂಬ ದೂರಿತು, ಪೊಲೀಸ್ ಕೇಸೂ ಆಯ್ತು. ಆ ವಿಡಿಯೋ ಎಲ್ಲರ ಫೋನಿಗೂ ಬಂತು. ಮತ್ತೆ ಫಾರ್ವರ್ಡ್ ಮಾಡ್ಬೇಡಿ, ದಯವಿಟ್ಟು.

ಮುಂದಿನ ಸಲ ನಿಮ್ಮೂರ ಪಂದ್ಯಕ್ಕೆ ಹೋದ್ರೆ ಮೊದಲು ರಿಂಗ್ ಪಕ್ಕ ಡಾಕ್ಟರ್ ಇದ್ದಾರಾ, ಹೊರಗೆ ಆಂಬುಲೆನ್ಸ್ ನಿಂತಿದೆಯಾ ಅಂತ ನೋಡಿ. ಇಲ್ಲ ಅಂದ್ರೆ ಆಯೋಜಕರನ್ನ ಅಲ್ಲೇ ಕೇಳಿ. ಏನಂದ್ರು ಅಂತ ನನಗೊಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಹಾಕ್ತೀನಿ.