ಮೈನರ್ ಮೇಳ: ಒಂದು ನಿಷಾದದ ಕಥೆ

ಮೊಟ್ಸಾರ್ಟನ 1788ರ ನಲವತ್ತನೆಯ ಸಿಂಫನಿ ಜಿ ಮೈನರ್‌ನಲ್ಲಿದೆ ಎಂದೊಡನೆ ನಮ್ಮಲ್ಲಿ ಅನೇಕರು ‘ಓಹೋ, ಶೋಕದ ಸಂಗೀತ’ ಎಂದುಬಿಡುತ್ತಾರೆ. ಬಾಖನ ಎರಡನೆಯ ಸೂಟಿನ ಕೊನೆಯ ಭಾಗ ಬಿ ಮೈನರ್‌ನಲ್ಲಿದ್ದೂ ಕುಣಿಯುತ್ತದೆ! ಇನ್ನು ಸಂಗೀತ ಬಲ್ಲವರು, ‘ಮೈನರ್ ಎಂದರೆ ನಮ್ಮ ಕೀರವಾಣಿಯೇ’ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದೂ ಅರ್ಧ ನಿಜ.

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಮುಂದಿಟ್ಟುಕೊಳ್ಳಿ. ಮೂರು ಕರಿಮನೆಗಳ ಗುಂಪಿನಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಡುವಣ ಬಿಳಿಮನೆಯನ್ನು ಷಡ್ಜ ಮಾಡಿಕೊಂಡು, ಬರಿಯ ಬಿಳಿಮನೆಗಳಲ್ಲೇ ತಾರಷಡ್ಜದವರೆಗೆ ಏರಿ. ಇದು ಸಹಜ ಮೈನರ್. ಸ್ವರಗಳ ಲೆಕ್ಕದಲ್ಲಿ ನಮ್ಮ 20ನೆಯ ಮೇಳವಾದ ನಠಭೈರವಿ.

ಈಗ ನಿಷಾದವನ್ನು ಗಮನಿಸಿ. ಅದು ತಾರಷಡ್ಜಕ್ಕಿಂತ ಎರಡು ಅರ್ಧಸ್ವರ ಕೆಳಗಿದೆ. ನಮಗೆ ಇದರಿಂದ ತೊಡಕಿಲ್ಲ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪಾಶ್ಚಾತ್ಯರಿಗೆ ಉಂಟು. ಪ, ನಿ, ರಿ ಮೂರನ್ನೂ ಒಮ್ಮೆಗೇ ಒತ್ತಿ, ಬಳಿಕ ಸ, ಗ, ಪ ಒತ್ತಿ ನೋಡಿ. ಮನೆ ಸೇರಿದ ಸಮಾಧಾನ ಅಷ್ಟಾಗಿ ಬರುವುದಿಲ್ಲ. ನಿಷಾದವನ್ನು ಪಕ್ಕದ ಕರಿಮನೆಗೆ ಏರಿಸಿ, ಕಾಕಲಿ ಮಾಡಿ, ಮತ್ತೆ ನುಡಿಸಿ. ಷಡ್ಜವು ಕೈಹಿಡಿದು ಕರೆದಂತಾಗುತ್ತದೆ. ಆದ್ದರಿಂದಲೇ ಅದಕ್ಕೆ ‘ಲೀಡಿಂಗ್ ನೋಟ್’, ದಾರಿ ತೋರುವ ಸ್ವರ, ಎಂದು ಹೆಸರು; ಏರಿಸದ ನಿಷಾದ ಬರಿಯ ‘ಸಬ್‌ಟಾನಿಕ್’. ಹೀಗೆ ಆದದ್ದು ಹಾರ್ಮೋನಿಕ್ ಮೈನರ್. ಮೆಟ್ಟಿಲು 21ನೆಯ ಮೇಳ ಕೀರವಾಣಿಯದೇ, ಕಾರಣ ಮಾತ್ರ ಬೇರೆ.

ಹೀಗೆ ಏರಿಸಿದ್ದರಿಂದ ಧೈವತ ನಿಷಾದಗಳ ನಡುವೆ ಮೂರು ಅರ್ಧಸ್ವರಗಳ ಕಂದಕ ಬಿತ್ತು. ಕೀರವಾಣಿಯ ಸೊಗಸೇ ಅಲ್ಲಿದೆ ಎನ್ನುತ್ತೇವೆ ನಾವು; ಅವರ ಹಾಡುಗಾರರಿಗೆ ಅದು ಎಡವುವ ಜಾಗ. ಆದುದರಿಂದ ಏರುವಾಗ ಧೈವತವನ್ನೂ ಏರಿಸಿದರು: ಅದು 23ನೆಯ ಮೇಳ, ಗೌರಿಮನೋಹರಿ. ಇಳಿಯುವಾಗ ಷಡ್ಜದತ್ತ ಕರೆಯುವ ಕೆಲಸವಿಲ್ಲವಲ್ಲ, ಮತ್ತೆ ನಠಭೈರವಿ. ಇದೇ ಮೆಲೋಡಿಕ್ ಮೈನರ್. ಏರುವಾಗ ಒಂದು ಧೈವತ, ಇಳಿಯುವಾಗ ಇನ್ನೊಂದು ಎಂಬುದು ಭೈರವಿ ಕೇಳಿದ ಕಿವಿಗೆ ಹೊಸದೇನಲ್ಲ.

ಉಳಿದ ಹೆಸರುಗಳು ಸುಲಭ. ಷಡ್ಜ ಟಾನಿಕ್, ಅದರ ಮೇಲಿನ ರಿಷಭ ಸೂಪರ್‌ಟಾನಿಕ್, ಪಂಚಮ ಡಾಮಿನೆಂಟ್. ಸಬ್‌ಡಾಮಿನೆಂಟ್ ಎಂದರೆ ಡಾಮಿನೆಂಟಿನ ಕೆಳಗಿನ ಮನೆಯೆಂದು ತಿಳಿಯುವವರುಂಟು. ವಾಸ್ತವದಲ್ಲಿ ಷಡ್ಜದಿಂದ ಮೇಲಕ್ಕೆ ಐದನೆಯದು ಡಾಮಿನೆಂಟ್, ಕೆಳಕ್ಕೆ ಐದನೆಯದಾದ ಮಧ್ಯಮ ಸಬ್‌ಡಾಮಿನೆಂಟ್. ಮೇಲಿನ ಜೋಡಿಯ ನಡುವೆ ಗಾಂಧಾರ, ಮೀಡಿಯಂಟ್. ಕೆಳಗಿನ ಜೋಡಿಯ ನಡುವೆ ಧೈವತ, ಸಬ್‌ಮೀಡಿಯಂಟ್.

ರಷ್ಯದ ಮೆಟ್ನರ್ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರಿಗೆ ಅರ್ಪಿಸಿದ ಮೂರನೆಯ ಪಿಯಾನೋ ಕನ್ಸರ್ಟೋ ಇ ಮೈನರ್‌ನಲ್ಲಿದೆ. ದೊರೆತಾಗ ಕೇಳಿ, ಏಳನೆಯ ಸ್ವರ ಎಲ್ಲಿ ಏರುತ್ತದೆ, ಎಲ್ಲಿ ಏರದೆ ಉಳಿಯುತ್ತದೆ ಎಂಬುದನ್ನು ಕಿವಿಯಿಂದಲೇ ಹಿಡಿಯಲು ಯತ್ನಿಸಿ.